ಸೋತೆ ಅನ್ನುವ ತನಕ

ಕಿರಾಣಿ ಅಂಗಡಿಯೊಂದರಲ್ಲಿ 40 ಸೇರಿನ ತೂಕದ ಕಲ್ಲು ಕೈಜಾರಿ ಬಿದ್ದು ನಾಲ್ಕು ಹೋಳಾಯಿತು. ಸಾವುಕಾರ ತಲೆ ಮೇಲೆ ಕೈ ಹೊತ್ತು ಕೂರಲಿಲ್ಲ. ಹೋಳುಗಳನ್ನು ಒಂದೊಂದಾಗಿ ತೂಗಿ ನೋಡಿ ‘ಛಲೋನ ಆತು’ ಎಂದು ನಕ್ಕ. 1 ಸೇರಿನಿಂದ 40 ಸೇರಿನವರೆಗೆ ಗಿರಾಕಿ ಎಷ್ಟು ಸೇರು ಕೇಳಿದರೂ ಆ ನಾಲ್ಕೇ ಹೋಳುಗಳಲ್ಲಿ ತೂಗಿ ಕೊಡಬಹುದಿತ್ತು. ಹಾಗಾದರೆ ಒಂದೊಂದು ಹೋಳು ಎಷ್ಟು ಸೇರು?

ನಾಲ್ಕು ಮಂದಿ ಕೂತಲ್ಲಿ ಈ ಲೆಕ್ಕ ಒಗೆದು ನೋಡಬೇಕು. ಮೊದಲು ಯಾರೋ ಒಬ್ಬರು 1, 2, 4, 8 ಅನ್ನುತ್ತಾರೆ. ಕೂಡಿಸಿದರೆ 15, ಅಲ್ಲಿಗೆ ಮುಗಿಯಿತು. ಇನ್ನೊಬ್ಬರು 10, 10, 10, 10 ಎಂದು ನಗಿಸುತ್ತಾರೆ. ಮೂರನೆಯವರು ತಕ್ಕಡಿ ಹಿಡಿದು ಗೊತ್ತಿದ್ದವರಾದರೆ ತುಸು ತಡೆದು, ‘ಕಲ್ಲು ಒಂದೇ ತಟ್ಟಿಯೊಳಗ ಇಡಬೇಕಂತ ಯಾರು ಹೇಳ್ಯಾರ?’ ಎಂದು ಕೇಳುತ್ತಾರೆ. ಗಂಟು ಬಿಚ್ಚುವುದು ಈ ಪ್ರಶ್ನೆಯಲ್ಲೇ. ಸಾಮಾನಿನ ತಟ್ಟೆಯಲ್ಲೂ ಕಲ್ಲು ಇಡಬಹುದಾದರೆ ಕೂಡಿಸುವುದರ ಜೊತೆಗೆ ಕಳೆಯುವುದಕ್ಕೂ ದಾರಿಯಾಯಿತು. 3 ಸೇರಿನ ಹೋಳು ಆಚೆ, 1 ಸೇರಿನದು ಬೆಲ್ಲದ ಜೊತೆ ಈಚೆ ಇಟ್ಟರೆ ಬೆಲ್ಲ 2 ಸೇರು. 9 ಆಚೆ, 3 ಮತ್ತು 1 ಈಚೆ ಇದ್ದರೆ 5 ಸೇರು. ಹೀಗೆ 1, 3, 9, 27 ಎಂಬ ನಾಲ್ಕು ಹೋಳುಗಳು 40ರವರೆಗೆ ಒಂದು ತೂಕವನ್ನೂ ಬಿಡದೆ ತೂಗುತ್ತವೆ. 14 ಸೇರಿಗೆ ನಾಲ್ಕೂ ಬೇಕು: 27 ಆಚೆ, ಉಳಿದ ಮೂರೂ ಈಚೆ.

ಮುಂಬಯಿ ಪ್ರಾಂತದ ಮಣಕ್ಕೆ ಇದ್ದದ್ದೂ 40 ಸೇರೇ. ಅದಕ್ಕೇ ಈ ಲೆಕ್ಕ ಇಲ್ಲಿಯದೇ ಅನ್ನಿಸುತ್ತದೆ. ಆದರೆ ಫ್ರಾನ್ಸಿನ ಬಾಷೆ ಎಂಬಾತ ಇದನ್ನು 1612ರ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದ. ಅವನಿಗೂ ನಾಲ್ಕು ನೂರು ವರ್ಷ ಮುಂಚೆ, 1202ರಲ್ಲಿ, ಇಟಲಿಯ ಫಿಬೊನಾಚ್ಚಿ ಇದನ್ನೇ ಬರೆದಿದ್ದ. ಯಾರು ಯಾರಿಂದ ಕೇಳಿಕೊಂಡರೆಂದು ಹುಡುಕುತ್ತ ಹೋಗುವುದಕ್ಕಿಂತ ಈ ಲೆಕ್ಕ ಎಷ್ಟು ಸಲೀಸಾಗಿ ಊರು ಬದಲಿಸುತ್ತದೆ ಎಂದು ನೋಡುವುದು ಮೇಲು. ಅಲ್ಲಿ ಪೌಂಡು, ಇಲ್ಲಿ ಸೇರು. ಕಿಲೋ ಬಂದು ಅರವತ್ತು ವರ್ಷ ದಾಟಿದ ಮೇಲೂ ಒಗಟಿನ ಅಂಗಡಿಯಲ್ಲಿ ಸೇರಿನ ಕಲ್ಲು ಬೀಳುವುದು ನಿಂತಿಲ್ಲ.

ಅಣ್ಣಿಗೇರಿ–ನವಲಗುಂದ ಸೀಮೆಯ ಶಲವಡಿಯಂಥ ಊರಿನಲ್ಲಿ ಒಗಟೆಂದರೆ ಮೊದಲು ನೆನಪಾಗುವುದು ಇಂಥ ಲೆಕ್ಕವಲ್ಲ, ಒಡಪು. ಎರಡನ್ನೂ ಒಂದೇ ಚೀಲಕ್ಕೆ ತುಂಬುವ ರೂಢಿ ನಮ್ಮ ಪತ್ರಿಕೆಗಳಿಗೂ ಶಾಲೆಗಳಿಗೂ ಇದೆ. ‘ಬುದ್ಧಿಗೆ ಕಸರತ್ತು’ ಎಂಬ ತಲೆಬರಹ ಎರಡಕ್ಕೂ ಸಲ್ಲುತ್ತದೆ. ನಿಜವಾಗಿ ನೋಡಿದರೆ ಇವು ಬೇರೆ ಬೇರೆ ಜಾತಿಯ ಪ್ರಾಣಿಗಳು. ಅಂಗೈಯಗಲದ ಗದ್ದೆ, ಗದ್ದೆಯಲ್ಲಿ ನೀರು, ನೀರಿನೊಳಗೆ ಬೇರು, ಬೇರಿನ ತುದಿಗೆ ಬೆಂಕಿ ಎಂದು ದೀಪವನ್ನು ಮುಚ್ಚಿಟ್ಟು ಕೇಳುವ ಒಗಟನ್ನು ಎಣ್ಣೆಯ ಹಣತೆ ಕಂಡವರಷ್ಟೇ ಬಿಡಿಸಬಲ್ಲರು. ಸ್ವಿಚ್ಚು ಒತ್ತಿ ಬೆಳೆದ ಹುಡುಗ ಎಷ್ಟೇ ಜಾಣನಿದ್ದರೂ ತರ್ಕದಿಂದ ಅಲ್ಲಿಗೆ ಮುಟ್ಟಲಾರ. ಕಲ್ಲಿನ ಲೆಕ್ಕಕ್ಕಾದರೆ ಬೇಕಾದದ್ದೆಲ್ಲ ಲೆಕ್ಕದೊಳಗೇ ಇದೆ. ಶಲವಡಿಯವರೂ ಬಿಡಿಸಬಹುದು, ಶಿಕಾಗೋದವರೂ ಬಿಡಿಸಬಹುದು. ಒಂದಕ್ಕೆ ಊರಿನ ಬಳಕೆ ಬೇಕು, ಇನ್ನೊಂದಕ್ಕೆ ಪುರುಸೊತ್ತು ಸಾಕು.

ಒಡಪು ಎಷ್ಟರಮಟ್ಟಿಗೆ ಬುದ್ಧಿಯ ಪರೀಕ್ಷೆ ಎಂಬ ಪ್ರಶ್ನೆ ಏಳುವುದು ಇಲ್ಲೇ. ಯರಿ ಭೂಮಿಯ ಒಕ್ಕಲುತನದ ಸುತ್ತ ಹೆಣೆದ ಒಗಟುಗಳನ್ನು ಗಮನಿಸಿದರೆ ಉತ್ತರಗಳೆಲ್ಲ ಕಣ್ಣೆದುರಿನ ಸಾಮಾನುಗಳೇ: ಕೂರಿಗಿ, ಕುಂಟಿ, ಬೀಸುಕಲ್ಲು, ಒಳ್ಳು, ಒನಕೆ, ಮಜ್ಜಿಗೆ ಕಡಗೋಲು. ನೆಲದೊಳಗೆ ಜೋಳ ತುಂಬಿಡುವ ಹಗೇವು ಕೂಡ ಆ ಲೋಕಕ್ಕೇ ಸೇರಿದ್ದು. ಕೇಳುವವಳಿಗೂ ಹೇಳುವವಳಿಗೂ ಈ ಸಾಮಾನುಗಳು ದಿನಬೆಳಗಾದರೆ ಕೈಗೆ ತಾಗುವಂಥವು. ಹೊಸ ಒಗಟು ಅಪರೂಪ, ಹಳೆಯದೇ ಮತ್ತೆ ಮತ್ತೆ. ಕೇಳುವವರ ಪೈಕಿ ಅರ್ಧ ಮಂದಿಗೆ ಉತ್ತರ ಬಾಯಿಪಾಠ. ಆದರೂ ಹತ್ತಿ ಬಿಡಿಸುವಾಗ, ಶೇಂಗಾ ಸುಲಿಯುವಾಗ ಒಬ್ಬಾಕೆ ಶುರು ಮಾಡಿದರೆ ಸಾಲು ಮುಂದುವರಿಯುತ್ತದೆ. ಗೊತ್ತಿದ್ದವರು ಬಾಯಿ ಬಿಗಿಹಿಡಿದು, ಗೊತ್ತಿಲ್ಲದ ಚಿಕ್ಕವರ ಮುಖ ನೋಡುತ್ತ, ‘ಸೋತ್ಯಾ? ಸೋತೆ ಅನ್ನು, ಹೇಳ್ತೀನಿ’ ಎಂದು ಕೆಣಕುವ ಹೊತ್ತೇ ಆಟದ ತಿರುಳು. ಉತ್ತರ ಬಂದಮೇಲೆ ಉಳಿಯುವುದು ಒಂದು ನಗೆ, ಆಮೇಲೆ ಮುಂದಿನ ಒಗಟು.

ಸೋಲು ಒಪ್ಪಿಸುವ ಈ ಶಾಸ್ತ್ರ ಬೇರೆ ಕಡೆಯೂ ಇದೆ. ಪೂರ್ವ ಆಫ್ರಿಕಾದ ಸ್ವಾಹಿಲಿ ಜನರಲ್ಲಿ ಒಗಟು ಬಿಡಿಸಲಾರದವರು ಕೇಳಿದವರಿಗೆ ಒಂದು ಊರನ್ನೇ ಕೊಡಬೇಕು. ಬಾಯಿಮಾತಿನ ದಾನ. ಊರು ಪಡೆದವನು ಅಲ್ಲಿಗೆ ಹೋಗಿ ಏನೇನು ಕಂಡೆ ಎಂದು ನಾಲ್ಕು ಮಾತು ಕೊಚ್ಚಿಕೊಂಡು ಆಮೇಲೆ ಉತ್ತರ ಹೇಳುತ್ತಾನೆ. ಬೈಬಲ್ಲಿನ ಸಂಸೋನನ ಕಥೆಯಲ್ಲಿ ಪಣ ಇನ್ನೂ ಭಾರ. ತನ್ನ ಮದುವೆಯ ಏಳು ದಿನದ ಔತಣದಲ್ಲಿ ಅವನು ಹೆಣ್ಣಿನ ಕಡೆಯ ಮೂವತ್ತು ಮಂದಿಗೆ ಒಗಟು ಹಾಕಿ ಮೂವತ್ತು ಜೊತೆ ಬಟ್ಟೆಯ ಪಂದ್ಯ ಕಟ್ಟುತ್ತಾನೆ. ಅವರು ಮದುಮಗಳನ್ನು ಹೆದರಿಸಿ ಅವಳಿಂದ ಉತ್ತರ ಕಕ್ಕಿಸುತ್ತಾರೆ, ಮದುವೆ ಮುರಿದು ರಕ್ತಪಾತದವರೆಗೆ ಹೋಗುತ್ತದೆ. ಸತ್ತ ಸಿಂಹದ ಮೈಯಲ್ಲಿ ತಾನೊಬ್ಬನೇ ಕಂಡ ಜೇನಿನ ಮೇಲೆ ಕಟ್ಟಿದ ಆ ಒಗಟನ್ನು ಬೇರೆಯವರು ಬಿಡಿಸುವುದಾದರೂ ಹೇಗೆ? ಅದು ಒಗಟಿನ ಧರ್ಮಕ್ಕೇ ವಿರುದ್ಧ. ಸಂಸೋನನ ಬೀಗರು ಸಿಟ್ಟಾದದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ.

ನಮ್ಮ ಬೀಗರ ನಡುವಿನ ಒಡಪು ಅಷ್ಟು ದೂರ ಹೋಗುವುದಿಲ್ಲ. ಗಂಡನ ಹೆಸರನ್ನು ನೇರ ಹೇಳಬಾರದೆಂಬ ರೂಢಿಯನ್ನು ಮುರಿಯದೆ ಮುರಿಯುವ ಜಾಣ್ಮೆ ಅದರದು. ಪ್ರಾಸ ಕಟ್ಟಿದ ಸಾಲುಗಳ ತುದಿಯಲ್ಲಿ ಹೆಸರನ್ನು ಹುದುಗಿಸಿ, ಬೀಗಿತಿಯರು ದಾರಿಗೆ ಅಡ್ಡ ನಿಂತಾಗ ಹೇಳಿ ಒಳಗೆ ಕಾಲಿಡಬೇಕು. ಮರಾಠಿ ಮನೆಗಳ ಉಖಾಣಾ ಇದರ ಅಕ್ಕ. ಹೊಸ ಮದುಮಗಳು ಹೆಸರನ್ನು ಬಾಯಿಪಾಠದ ಸಾಲಿಗೆ ಅಂಟಿಸಿದಳೋ, ತಾನೇ ಒಂದು ಸಾಲು ಕಟ್ಟಿದಳೋ ಎಂಬುದನ್ನು ಮುದುಕಿಯರು ಆ ಕ್ಷಣಕ್ಕೇ ಪತ್ತೆಹಚ್ಚುತ್ತಾರೆ.

ಇದೇ ಸೀಮೆಯಲ್ಲಿ ಒಗಟಿಗೆ ಇನ್ನೊಂದು, ಸದ್ದು ಜೋರಾದ ರೂಪವೂ ಇದೆ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಜಾತ್ರೆಗಳಲ್ಲಿ ಹರದೇಶಿ–ನಾಗೇಶಿ ಮೇಳಗಳು ಎದುರುಬದುರು ನಿಂತು ಹಾಡುವಾಗ ಒಂದು ಮೇಳ ಪುರಾಣದ ತೊಡಕೊಂದನ್ನು ಹಾಡಿನಲ್ಲೇ ಸವಾಲಾಗಿ ಎಸೆಯುತ್ತದೆ. ಇನ್ನೊಂದು ಮೇಳ ಅದೇ ಮಟ್ಟಿನಲ್ಲಿ ಜವಾಬು ಕೊಡಬೇಕು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ, ಶಿವ ಮೊದಲೋ ಶಕ್ತಿ ಮೊದಲೋ ಎಂಬ ವಾದ ಬೆಳಗಿನ ಜಾವ ಮುಟ್ಟುತ್ತದೆ. ಇಲ್ಲಿ ಸೋಲು ಒಬ್ಬರ ಸೋಲಲ್ಲ, ಮೇಳದ್ದು. ಜವಾಬು ಸರಿಯೋ ತಪ್ಪೋ ಎಂದು ತೀರ್ಮಾನಿಸುವವರು ಕಂಬಳಿ ಹೊದ್ದು ಕೂತ ಮಂದಿ. ಗುರುವಿನ ಹತ್ತಿರ ಕಲಿತ ಶಾಸ್ತ್ರವಿಲ್ಲದೆ ಈ ಸವಾಲು ಬಿಡಿಸಲಾಗದು. ಇದನ್ನೂ ತರ್ಕ ಎನ್ನುವುದು ಕಷ್ಟ. ವಾದದ ವರಸೆ ಮಾತ್ರ ಯಾವ ವಕೀಲನಿಗೂ ಕಡಿಮೆಯದಲ್ಲ.

ಬಿಡಿಸದೆ ಇರಲೆಂದೇ ಕಟ್ಟಿದ ಒಗಟುಗಳೂ ಇವೆ. 12ನೆಯ ಶತಮಾನದ ಅಲ್ಲಮನ ಬೆಡಗಿನ ವಚನಗಳು, ದಾಸರ ಮುಂಡಿಗೆಗಳು ಈ ಸಾಲಿನವು. ಶಿಶುನಾಳ ಶರೀಫರು (1819–1889) ಈ ಸೀಮೆಯ ಮನುಷ್ಯ. ಗುರು ಗೋವಿಂದಭಟ್ಟರು ಕುಂದಗೋಳ ಕಡೆಯ ಕಳಸದವರು, ನವಲಗುಂದದ ನಾಗಲಿಂಗ ಸ್ವಾಮಿಗಳು ಗೆಳೆಯರು. ಕೋಳಿ ಕೋತಿಯನ್ನು ನುಂಗುವ, ಆಡು ಆನೆಯನ್ನು ನುಂಗುವ ಅವರ ಪದವನ್ನು ಭಜನಾ ಮೇಳದವರೂ ಹಾಡುತ್ತಾರೆ, ಸಿನಿಮಾದವರೂ ಹಾಡುತ್ತಾರೆ. ಕೋಳಿ ಎಂದರೆ ಇದು, ಕೋತಿ ಎಂದರೆ ಅದು ಎಂದು ಪಟ್ಟಿ ಮಾಡಿ ಅರ್ಥ ಹೇಳುವ ಪಂಡಿತರೂ ಇದ್ದಾರೆ. ಪಟ್ಟಿ ಓದಿದ ಮೇಲೆ ಪದ ಸಪ್ಪಗಾಗುತ್ತದೆ ಎಂಬುದನ್ನು ಅವರೂ ಒಪ್ಪಿಯಾರು. ಒಡಪು ಉತ್ತರದ ಮೇಲೆ ನಿಂತಿದ್ದರೆ ಬೆಡಗು ಉತ್ತರವನ್ನು ಮುಂದೂಡುವುದರ ಮೇಲೆ ನಿಂತಿದೆ. ಅದಕ್ಕೆ ‘ಸೋತೆ’ ಅನ್ನಲು ಯಾರ ಎದುರೂ ಅವಕಾಶವಿಲ್ಲ.

ಮತ್ತೆ ಲೆಕ್ಕಕ್ಕೆ ಬರೋಣ. ತರ್ಕದ ಒಗಟು ಪರದೇಶದ ಸರಕು, ಒಡಪು ನಮ್ಮದು ಎಂಬ ಭಾವನೆ ಹಲವರಲ್ಲಿದೆ. ಅದು ನಿಲ್ಲುವುದಿಲ್ಲ. ಅಣ್ಣಿಗೇರಿ ಹಿಂದೆ ಬೆಳ್ವೊಲ ಮುನ್ನೂರು ಎಂಬ ನಾಡಿನ ಮುಖ್ಯ ಪಟ್ಟಣವಾಗಿತ್ತು. ಈ ನಾಡು ರಾಷ್ಟ್ರಕೂಟರ ಆಳಿಕೆಯಲ್ಲಿದ್ದಾಗ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ ಮಹಾವೀರಾಚಾರ್ಯನೆಂಬ ಜೈನ ಗಣಿತಜ್ಞ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಅದನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದ ಮೇಲೆ ಲೋಕದ ಗಣಿತಜ್ಞರ ಕಣ್ಣು ಅದರ ಮೇಲೆ ಬಿತ್ತು. ಅದರಲ್ಲಿ ಒಂದು ಲೆಕ್ಕ ಹೀಗಿದೆ. ಮೂವರು ವ್ಯಾಪಾರಿಗಳಿಗೆ ದಾರಿಯಲ್ಲಿ ಹಣದ ಚೀಲವೊಂದು ಕಾಣುತ್ತದೆ. ಇದು ನನಗೆ ಸಿಕ್ಕರೆ ನಿಮ್ಮಿಬ್ಬರ ಹಣ ಕೂಡಿದರೂ ನನ್ನದು ಅದರ ಎರಡು ಪಟ್ಟು ಎನ್ನುತ್ತಾನೆ ಒಬ್ಬ. ನನಗೆ ಸಿಕ್ಕರೆ ಮೂರು ಪಟ್ಟು ಎನ್ನುತ್ತಾನೆ ಎರಡನೆಯವ. ಮೂರನೆಯವ, ನನಗೆ ಸಿಕ್ಕರೆ ಐದು ಪಟ್ಟು! ಚೀಲದಲ್ಲಿ ಎಷ್ಟಿದೆ, ಅವರವರ ಹತ್ತಿರ ಎಷ್ಟಿದೆ?

ಚೀಲದಲ್ಲಿ 15, ಅವರ ಹತ್ತಿರ ಕ್ರಮವಾಗಿ 1, 3, 5. ಒಬ್ಬನದು 1 ಮತ್ತು 15 ಕೂಡಿ 16, ಉಳಿದಿಬ್ಬರದು 8. ಎರಡನೆಯವನದು 18, ಉಳಿದವರದು 6. ಮೂರನೆಯವನದು 20, ಉಳಿದವರದು 4. ಉತ್ತರ ಎಷ್ಟು ಓರಣವಾಗಿದೆಯೋ ಕಥೆ ಅಷ್ಟೇ ಮನುಷ್ಯಸಹಜ. ಕಡಿಮೆ ದುಡ್ಡಿದ್ದವನು ಎರಡೇ ಪಟ್ಟಿನ ಆಸೆ ಇಟ್ಟುಕೊಂಡಿದ್ದಾನೆ, ಹೆಚ್ಚಿದ್ದವನಿಗೆ ಐದು ಪಟ್ಟು ಬೇಕು. ಚೀಲ ಯಾರದೆಂದು ಮೂವರಲ್ಲಿ ಒಬ್ಬನೂ ಕೇಳುವುದಿಲ್ಲ ಎನ್ನುವುದನ್ನು ಮಹಾವೀರ ಬೇಕೆಂದೇ ಬಿಟ್ಟನೋ ಏನೋ.

12ನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ. ಅದೇ ಶತಮಾನದಲ್ಲಿ, 1150ರಲ್ಲಿ, ತಾನು ಸಹ್ಯಾದ್ರಿ ಬಳಿಯ ವಿಜ್ಜಡವಿಡದವನೆಂದು ಹೇಳಿಕೊಂಡ ಭಾಸ್ಕರಾಚಾರ್ಯ ‘ಲೀಲಾವತಿ’ ಮುಗಿಸಿದ. ಆ ಊರು ವಿಜಯಪುರವೇ ಎಂದು ನಮ್ಮವರು, ಅಲ್ಲ ನಮ್ಮ ಕಡೆಯದು ಎಂದು ಮಹಾರಾಷ್ಟ್ರದವರು ವಾದಿಸುತ್ತಲೇ ಇದ್ದಾರೆ. ಹರದೇಶಿ–ನಾಗೇಶಿಯವರಿಗೆ ಒಪ್ಪಿಸಬೇಕಾದ ಸವಾಲು. ಲೀಲಾವತಿಯ ದುಂಬಿಗಳ ಲೆಕ್ಕ ಈಗಲೂ ಶಾಲೆಗಳಲ್ಲಿ ಓಡುತ್ತದೆ: ಹಿಂಡಿನ ಐದನೇ ಒಂದು ಪಾಲು ಕದಂಬಕ್ಕೆ, ಮೂರನೇ ಒಂದು ಪಾಲು ಇನ್ನೊಂದು ಹೂವಿಗೆ, ಈ ಎರಡರ ವ್ಯತ್ಯಾಸದ ಮೂರು ಪಟ್ಟು ಮತ್ತೊಂದಕ್ಕೆ ಹಾರಿದರೆ ಉಳಿದ ಒಂದೇ ದುಂಬಿ ಗಾಳಿಯಲ್ಲಿ ತಡವರಿಸುತ್ತಿದೆ. ಒಟ್ಟು 15. ಬೀಜಗಣಿತ ಬಾರದವರೂ ಐದರಿಂದಲೂ ಮೂರರಿಂದಲೂ ಭಾಗವಾಗುವ ಮೊದಲ ಸಂಖ್ಯೆ ಹಿಡಿದು ಪರೀಕ್ಷಿಸಿದರೆ ಸಿಕ್ಕಿಬಿಡುತ್ತದೆ. ಅದನ್ನು ಕಳ್ಳದಾರಿ ಎನ್ನುವ ಮಾಸ್ತರರಿದ್ದಾರೆ. ಅದು ಕಳ್ಳದಾರಿ ಹೇಗಾದೀತು?

ಹೊಳೆ ದಾಟಿಸುವ ಒಗಟಿನ ಹಾದಿ ಇದಕ್ಕೆ ತಿರುಗಾಮುರುಗಾ: ಹೊರಗಿನಿಂದ ಇಲ್ಲಿಗೆ. ತೋಳ, ಆಡು, ಎಲೆಕೋಸನ್ನು ಒಂದನ್ನೊಂದು ತಿನ್ನಲು ಬಿಡದೆ ಒಂದೊಂದೇ ದೋಣಿಗೆ ಹಾಕಿ ಆಚೆ ದಡ ಮುಟ್ಟಿಸುವ ಲೆಕ್ಕ ಯುರೋಪಿನಲ್ಲಿ ಸುಮಾರು 800ರಷ್ಟು ಹಿಂದಿನ, ಆಲ್ಕುಯಿನ್ ಹೆಸರಿನಲ್ಲಿ ಬಂದ ಸಂಗ್ರಹದಲ್ಲಿದೆ. ಹುಡುಗರ ಬುದ್ಧಿಯನ್ನು ಸಾಣೆ ಹಿಡಿಯಲೆಂದೇ ಕಟ್ಟಿದ ಐವತ್ತಕ್ಕೂ ಮಿಕ್ಕ ಲೆಕ್ಕಗಳ ಪುಸ್ತಕ ಅದು. ಕನ್ನಡಕ್ಕೆ ಬರುವಾಗ ತೋಳ ಹುಲಿಯಾಯಿತು, ಎಲೆಕೋಸು ಹುಲ್ಲಿನ ಹೊರೆಯಾಯಿತು. ಆಡು ಮಾತ್ರ ಆಡಾಗಿಯೇ ಉಳಿಯಿತು. ನವಲಗುಂದ ಸೀಮೆಯಲ್ಲಿ ಹೇಳುವವರು ಹೊಳೆಯ ಬದಲು ಬೆಣ್ಣಿಹಳ್ಳ ಎಂದರೂ ನಡೆಯುತ್ತದೆ, ಮಳೆಗಾಲದಲ್ಲಿ ಆ ಹಳ್ಳ ತುಂಬಿ ಬಂದರೆ ದಾಟುವುದೇನೆಂದು ಕೇಳುವವರಿಗೆ ಗೊತ್ತೇ ಇರುತ್ತದೆ. ಏಳು ಸಲ ದಾಟಿದರೆ ಕೆಲಸ ಮುಗಿಯುತ್ತದೆ. ಜನ ಸಿಕ್ಕಿಬೀಳುವುದು ಒಂದೇ ಕಡೆ: ಆಚೆ ಬಿಟ್ಟುಬಂದ ಆಡನ್ನು ಮತ್ತೆ ಈಚೆಗೆ ತರಬೇಕು. ಮುಂದೆ ಹೋದದ್ದನ್ನು ಹಿಂದಕ್ಕೆ ತರುವುದೂ ಒಂದು ಹೆಜ್ಜೆ ಎಂಬುದು ಮನಸ್ಸಿಗೆ ಒಗ್ಗುವುದಿಲ್ಲ.

ಹದಿನೇಳು ಆನೆಗಳನ್ನೋ ಒಂಟೆಗಳನ್ನೋ ಮೂವರು ಮಕ್ಕಳಿಗೆ ಅರ್ಧ, ಮೂರನೇ ಒಂದು, ಒಂಬತ್ತನೇ ಒಂದು ಎಂದು ಹಂಚುವ ಕಥೆಯನ್ನು ಬೀರಬಲ್ಲನ ಹೆಸರಿನಲ್ಲೂ ತೆನಾಲಿಯ ಹೆಸರಿನಲ್ಲೂ ಕೇಳುತ್ತೇವೆ. ನೆರೆಯವನು ತನ್ನದೊಂದನ್ನು ಸೇರಿಸಿ 18 ಮಾಡಿ, 9, 6, 2 ಎಂದು ಹಂಚಿ, ಉಳಿದ ತನ್ನದನ್ನು ಹೊಡೆದುಕೊಂಡು ಹೋಗುತ್ತಾನೆ. ಕೇಳಿದವರೆಲ್ಲ ನೆರೆಯವನ ಜಾಣತನಕ್ಕೆ ತಲೆದೂಗುತ್ತಾರೆ. ಆ ಮೂರು ಪಾಲುಗಳನ್ನು ಕೂಡಿಸಿದರೆ ಹದಿನೆಂಟರಲ್ಲಿ ಹದಿನೇಳೇ ಆಗುತ್ತದೆ, ಅಪ್ಪನ ಉಯಿಲೇ ತಪ್ಪು ಲೆಕ್ಕ. ಎಲ್ಲರಿಗೂ ಪಾಲಿಗಿಂತ ತುಸು ಹೆಚ್ಚೇ ಬಂದಿದ್ದರಿಂದ ತಕರಾರು ಕೋರ್ಟಿಗೆ ಹೋಗಲಿಲ್ಲ.

ಮೈಸೂರಿನಲ್ಲಿ ಲೆಕ್ಕದ ಒಗಟು ಅರಮನೆಯ ಹವ್ಯಾಸವಾಯಿತು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಸಾಹಿತ್ಯ, ಚಿತ್ರ, ಆಟಗಳತ್ತ ತಿರುಗಿದರು. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ನಡೆಗಳನ್ನು ಅವರು ಬಗೆಬಗೆಯಾಗಿ ಹೆಣೆದರು. ಹೆಜ್ಜೆಗೆ ಕ್ರಮಸಂಖ್ಯೆ ಹಾಕಿದರೆ ಸಾಲುಗಳ ಮೊತ್ತ ಒಂದೇ ಬರುವಂಥ ಚಮತ್ಕಾರವೂ ಅವುಗಳಲ್ಲಿ ಇದೆ. ರಾಜ್ಯದ ಲೆಕ್ಕ ಇನ್ನೊಬ್ಬರ ಕೈಗೆ ಹೋದಾಗ ಒಬ್ಬ ದೊರೆ ಕುದುರೆಯ ಲೆಕ್ಕ ಹಿಡಿದು ಕೂತದ್ದನ್ನು ಹೇಗೆ ಓದಬೇಕೋ ಓದುಗರಿಗೇ ಬಿಟ್ಟದ್ದು. ಅವಧಾನ ಕಲೆಯ ಸಂಖ್ಯಾಬಂಧವೂ ಇದೇ ಮನೆತನದ್ದು. ಪೃಚ್ಛಕರು ಒಂದು ಮೊತ್ತ ಕೊಟ್ಟು, ನಡುನಡುವೆ ಯಾವ ಮನೆಯನ್ನು ಕೇಳಿದರೂ ಅವಧಾನಿ ಕಾಗದ ಮುಟ್ಟದೆ ಅಲ್ಲಿಯ ಸಂಖ್ಯೆ ಹೇಳಬೇಕು. ಕೊನೆಗೆ ಅಡ್ಡ, ಉದ್ದ ಹೇಗೆ ಕೂಡಿಸಿದರೂ ಆ ಮೊತ್ತವೇ ಬರಬೇಕು. ಶತಾವಧಾನಿ ಆರ್. ಗಣೇಶ್ ಅವರ ಸಭೆಗಳಲ್ಲಿ ಇದನ್ನು ಕಂಡವರು, ಲೆಕ್ಕ ಸರಿಬಂದ ಗಳಿಗೆಯಲ್ಲಿ ಗಣಿತದ ಗಂಧವಿಲ್ಲದವರೂ ಚಪ್ಪಾಳೆ ತಟ್ಟುವುದನ್ನು ಬಲ್ಲರು.

ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಶಕುಂತಲಾದೇವಿ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದ್ದು ಎಲ್ಲರಿಗೂ ಗೊತ್ತು. ಅವರ ಒಗಟಿನ ಪುಸ್ತಕಗಳು ರೈಲು ನಿಲ್ದಾಣದ ಪುಸ್ತಕದಂಗಡಿಗಳ ಮೂಲಕ ಮನೆಮನೆ ಸೇರಿದ್ದು ಅದಕ್ಕಿಂತ ದೊಡ್ಡ ಕೆಲಸ ಎಂದು ಈ ಲೇಖಕನ ಎಣಿಕೆ. ಆ ಗುಣಾಕಾರವನ್ನು ಬೇರೆಯವರು ಬರಿದೆ ನೋಡಬಹುದಿತ್ತು, ಪುಸ್ತಕದ ಒಗಟನ್ನು ಬೋಗಿಯ ಎದುರು ಸೀಟಿನವರಿಗೆ ಕೇಳಬಹುದಿತ್ತು.

ಎದುರಿಗೆ ಒಬ್ಬರಿದ್ದು ಕೇಳಿದಾಗ ಏನಾಗುತ್ತದೆಂಬುದಕ್ಕೆ ಕೇಂಬ್ರಿಜ್‌ನ ಅಡುಗೆಮನೆಯ ಘಟನೆ ಒಳ್ಳೆಯ ಉದಾಹರಣೆ. 1914ರ ಡಿಸೆಂಬರಿನಲ್ಲಿ ಪಿ.ಸಿ. ಮಹಲನೋಬಿಸ್ ‘ಸ್ಟ್ರ್ಯಾಂಡ್’ ಪತ್ರಿಕೆಯ ಒಗಟೊಂದನ್ನು ಓದಿ ಹೇಳಿದರು. ಶ್ರೀನಿವಾಸ ರಾಮಾನುಜನ್ ಒಲೆಯ ಮೇಲಿನ ಪಲ್ಯ ಕೈಯಾಡಿಸುತ್ತಿದ್ದರು. ಒಂದು ಬೀದಿಯಲ್ಲಿ 1, 2, 3 ಎಂದು ಮನೆಗಳು. ಒಂದು ಮನೆಯ ಎಡಕ್ಕಿರುವ ನಂಬರುಗಳ ಮೊತ್ತವೂ ಬಲಕ್ಕಿರುವ ನಂಬರುಗಳ ಮೊತ್ತವೂ ಒಂದೇ. ಬೀದಿಯಲ್ಲಿ 50ಕ್ಕಿಂತ ಹೆಚ್ಚು, 500ಕ್ಕಿಂತ ಕಡಿಮೆ ಮನೆಗಳಿದ್ದರೆ ಆ ಮನೆಯ ನಂಬರು ಎಷ್ಟು? ರಾಮಾನುಜನ್ ಆ ಒಂದು ಬೀದಿಯನ್ನು ಬಿಟ್ಟು ಇಂಥ ಎಲ್ಲ ಬೀದಿಗಳಿಗೂ ಸಲ್ಲುವ ಉತ್ತರವನ್ನು ಸತತ ಭಿನ್ನರಾಶಿಯ ರೂಪದಲ್ಲಿ ಬರೆಸಿದರು. ಕೇಳಿದ್ದಕ್ಕೆ ಉತ್ತರ 288 ಮನೆಗಳ ಬೀದಿಯ 204ನೆಯ ಮನೆ. ಇದನ್ನು ಹಳ್ಳಿಯ ಶಾಲೆಯಲ್ಲಿ ಕೇಳಬೇಕೆಂದರೆ ಎಂಟು ಮನೆಯ ಓಣಿ ಸಾಕು: ಆರನೆಯ ಮನೆಯ ಎಡಕ್ಕೆ 1ರಿಂದ 5, ಕೂಡಿದರೆ 15, ಬಲಕ್ಕೆ 7 ಮತ್ತು 8, ಅದೂ 15. ಅಲ್ಲಿಂದ ಮುಂದಿನ ಅಂಥ ಓಣಿ ಯಾವುದೆಂದು ಹುಡುಗರನ್ನೇ ಹುಡುಕಲು ಹಚ್ಚಿದರೆ ಒಂದು ಇಡೀ ವಾರ ಹೋಗುತ್ತದೆ. 49 ಮನೆಗಳ ಓಣಿಯ 35ನೆಯ ಮನೆ ಸಿಕ್ಕಾಗ ಎದ್ದು ಕುಣಿಯದ ಹುಡುಗ ಇರಲಾರ.

ಜೊತೆಯಲ್ಲಿ ಮಂದಿ ಇಲ್ಲದಿದ್ದರೆ ಹುಟ್ಟಲೇ ಆಗದ ಒಗಟೂ ಒಂದಿದೆ. ಇಂಗ್ಲೆಂಡಿನ ಗಣಿತಜ್ಞ ಲಿಟ್ಲ್‌ವುಡ್ 1953ರ ತಮ್ಮ ಪುಸ್ತಕದಲ್ಲಿ ರೈಲಿನಲ್ಲಿ ಕೂತ ಮೂವರು ಹೆಂಗಸರ ಮಸಿ ಹತ್ತಿದ ಮುಖಗಳ ಮೇಲೆ ಇದನ್ನು ಹೇಳಿದರು. ರಾಮಲಿಂಗ ಕಾಮಣ್ಣನ ನವಲಗುಂದದಲ್ಲಿ ಇದನ್ನು ಹೋಳಿಗೆ ಹೊಂದಿಸುವುದು ಸುಲಭ. ಮೂವರು ಹುಡುಗರು, ಮೂವರ ಹಣೆಗೂ ಬಣ್ಣ. ಪ್ರತಿಯೊಬ್ಬನಿಗೂ ಉಳಿದಿಬ್ಬರ ಹಣೆ ಕಾಣುತ್ತದೆ, ತನ್ನದು ಕಾಣುವುದಿಲ್ಲ. ಕನ್ನಡಿ ಇಲ್ಲ, ಮಾತಾಡುವಂತಿಲ್ಲ. ಅಜ್ಜ ಬಂದು, ‘ನಿಮ್ಮೊಳಗ ಒಬ್ಬನ ಹಣಿಗರೆ ಬಣ್ಣ ಐತಿ. ತನ್ನ ಹಣಿಗೆ ಬಣ್ಣ ಐತಿ ಅಂತ ಖಾತ್ರಿ ಇದ್ದವ ಕೈ ಎತ್ರಿ’ ಎನ್ನುತ್ತಾನೆ. ಯಾರೂ ಎತ್ತುವುದಿಲ್ಲ. ಮತ್ತೆ ಕೇಳುತ್ತಾನೆ, ಯಾರೂ ಇಲ್ಲ. ಮೂರನೆಯ ಸಲ ಕೇಳಿದಾಗ ಮೂವರೂ ಒಟ್ಟಿಗೆ ಕೈ ಎತ್ತುತ್ತಾರೆ. ಹೇಗೆ?

ಒಬ್ಬನ ಹಣೆಗೆ ಮಾತ್ರ ಬಣ್ಣವಿದ್ದಿದ್ದರೆ ಅವನು ಎರಡು ಸ್ವಚ್ಛ ಹಣೆ ಕಂಡು ಮೊದಲ ಸಲವೇ ಕೈ ಎತ್ತುತ್ತಿದ್ದ. ಎತ್ತಲಿಲ್ಲ. ಅಂದರೆ ಇಬ್ಬರಿಗಾದರೂ ಇದೆ. ಇಬ್ಬರಿಗೇ ಇದ್ದಿದ್ದರೆ ಆ ಇಬ್ಬರೂ ಒಂದು ಬಣ್ಣದ ಹಣೆ, ಒಂದು ಸ್ವಚ್ಛ ಹಣೆ ಕಂಡು ಎರಡನೆಯ ಸಲ ಎತ್ತುತ್ತಿದ್ದರು. ಅದೂ ಆಗಲಿಲ್ಲ. ಹಾಗಾದರೆ ಮೂವರಿಗೂ ಇದೆ. ಇಷ್ಟು ಹೊತ್ತಿಗೆ ಯಾರಾದರೊಬ್ಬರು ಎದ್ದು, ‘ಅಜ್ಜ ಹೇಳಿದ್ದು ಮೂವರಿಗೂ ಮೊದಲೇ ಗೊತ್ತಿತ್ತಲ್ಲ, ಒಬ್ಬೊಬ್ಬನಿಗೂ ಎರಡೆರಡು ಬಣ್ಣದ ಹಣೆ ಕಾಣುತ್ತಿತ್ತು, ಮತ್ತೆ ಅವನು ಹೇಳಿ ಏನಾಯಿತು?’ ಎಂದು ಕೇಳಬೇಕು. ಕೇಳಿದರೆ ಆ ಗುಂಪು ಗೆದ್ದಂತೆ. ಅಜ್ಜ ಬಾಯಿಬಿಡದಿದ್ದರೆ ನೂರು ಸಲ ಕೇಳಿದರೂ ಯಾರೂ ಕೈ ಎತ್ತಲಾರರು. ಎಲ್ಲರಿಗೂ ಒಳಗೊಳಗೇ ಗೊತ್ತಿದ್ದದ್ದನ್ನು ಒಬ್ಬ ಎಲ್ಲರ ಎದುರು ಆಡಿದಾಗ, ನನಗೆ ಗೊತ್ತು ಎಂಬುದು ನಿನಗೂ ಗೊತ್ತು, ನಿನಗೆ ಗೊತ್ತೆಂಬುದು ಅವನಿಗೂ ಗೊತ್ತು ಎಂದು ಸರಪಳಿ ಕಟ್ಟಿಕೊಳ್ಳುತ್ತದೆ. ಇನ್ನೊಬ್ಬನ ಸುಮ್ಮನಿರುವಿಕೆಯೂ ಆಗ ಸುದ್ದಿಯಾಗುತ್ತದೆ. ಹಳ್ಳಿಯ ರಾಜಕಾರಣ ಬಲ್ಲವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇನಿಲ್ಲ. 2015ರ ಏಪ್ರಿಲ್‌ನಲ್ಲಿ ಸಿಂಗಪುರದ ಶಾಲಾ ಸ್ಪರ್ಧೆಯ ‘ಶೆರಿಲ್ ಹುಟ್ಟಿದ ದಿನ’ ಎಂಬ ಪ್ರಶ್ನೆ ಜಗತ್ತೆಲ್ಲ ಸುತ್ತಿದ್ದೂ ಇದೇ ಬಲದ ಮೇಲೆ. ಅಲ್ಲಿಯೂ ‘ನನಗೆ ಗೊತ್ತಿಲ್ಲ’ ಎಂಬ ಮಾತೇ ಸುಳುಹು.

ಮೊಬೈಲಿನಲ್ಲಿ ಸುತ್ತುವುದೆಲ್ಲ ಈ ದರ್ಜೆಯದಲ್ಲ. 2019ರಲ್ಲಿ 8÷2(2+2) ಎಷ್ಟು ಎಂದು ಜಗಳವೆದ್ದಿತ್ತು; 16 ಎಂದವರೂ 1 ಎಂದವರೂ ಸಂಬಂಧ ಹರಿದುಕೊಳ್ಳುವಷ್ಟು ಕಾದಾಡಿದರು. ಅದು ಒಗಟೇ ಅಲ್ಲ, ಅಸ್ಪಷ್ಟವಾಗಿ ಬರೆದ ಲೆಕ್ಕ. ಒಂದು ಆವರಣ ಹಾಕಿದ್ದರೆ ಜಗಳ ತಾನಾಗಿ ಅಡಗುತ್ತಿತ್ತು. ‘ಬುದ್ಧಿವಂತರು ಮಾತ್ರ ಬಿಡಿಸಬಲ್ಲರು’ ಎಂದು ಹಣೆಪಟ್ಟಿ ಕಟ್ಟಿಕೊಂಡು ಬರುವ ಒಗಟುಗಳಲ್ಲಿ ಬಹುಪಾಲು ಇಂಥವೇ.

ಒಗಟು ಬಿಡಿಸಿದರೆ ಬುದ್ಧಿ ಬೆಳೆಯುತ್ತದೆಯೇ, ಮುಪ್ಪಿನ ಮರೆವು ದೂರವಾಗುತ್ತದೆಯೇ ಎಂದು ಕೇಳುವವರಿಗೆ ಒಂದು ಸಂಗತಿ ಹೇಳಬೇಕು. ಮಿದುಳಿನ ಆಟಗಳನ್ನು ಮಾರುವ ಲ್ಯುಮಾಸಿಟಿ ಎಂಬ ಅಮೆರಿಕದ ಕಂಪನಿ ಇಂಥವೇ ಭರವಸೆ ಕೊಟ್ಟಿತ್ತು. ಅವಕ್ಕೆ ಆಧಾರವಿಲ್ಲವೆಂದು ಅಲ್ಲಿಯ ವ್ಯಾಪಾರ ಆಯೋಗ ಹಿಡಿದ ಮೇಲೆ 2016ರ ಜನವರಿಯಲ್ಲಿ 20 ಲಕ್ಷ ಡಾಲರ್ ತೆತ್ತು ರಾಜಿಯಾಯಿತು. ಪದಬಂಧ ತುಂಬಿದವರು ಪದಬಂಧದಲ್ಲಿ ಪಳಗುತ್ತಾರೆ, ಅದರಾಚೆಗೆ ಎಷ್ಟು ಎನ್ನುವುದು ಇನ್ನೂ ಚರ್ಚೆಯ ವಿಷಯ. ಗುಡಿಯ ಕಟ್ಟೆಯ ಮೇಲೆ ಹುಲಿ–ಕುರಿ ಆಡುವ ಹಿರಿಯರಿಗೆ ಈ ಭರವಸೆ ಯಾರೂ ಕೊಟ್ಟಿಲ್ಲ, ಅವರು ಕೇಳಿಯೂ ಇಲ್ಲ.

ಕನ್ನಡದಲ್ಲಿ ಒಗಟಿನ ಸಂಗ್ರಹಗಳಿಗೆ ಬರವಿಲ್ಲ. ಜಾನಪದವನ್ನು ವಿದ್ಯೆಯಾಗಿ ಬೆಳೆಸಿದ ಊರುಗಳಲ್ಲಿ ಧಾರವಾಡವೂ ಒಂದು. ಶಿಗ್ಗಾವಿಯ ಗೊಟಗೋಡಿಯಲ್ಲಿ ಈಗ ಜಾನಪದಕ್ಕೇ ಒಂದು ವಿಶ್ವವಿದ್ಯಾಲಯವಿದೆ. ಸಂಗ್ರಹಗಳ ಅಚ್ಚು ಮಾತ್ರ ಹೆಚ್ಚುಕಡಿಮೆ ಒಂದೇ: ಒಂದು ಕಡೆ ಒಗಟು, ಪಕ್ಕದಲ್ಲೋ ಕೊನೆಯ ಪುಟದಲ್ಲೋ ಉತ್ತರ. ಯಾರು ಯಾರಿಗೆ ಕೇಳಿದರು, ಎಷ್ಟು ಹೊತ್ತು ಕಾದರು, ಉತ್ತರ ಸಿಗುವ ಮುಂಚೆ ಏನೇನು ಹೇಳಿದರು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ದೊಡ್ಡ ನಷ್ಟ ಆ ತಪ್ಪು ಉತ್ತರಗಳದ್ದು. ಹೋಗುವಾಗ ಹಸಿರು, ಬರುವಾಗ ಕೆಂಪು ಎಂದರೆ ಪುಸ್ತಕದ ಪ್ರಕಾರ ಬಾಯಿಗೆ ಹೋಗಿ ಬಂದ ವೀಳ್ಯದೆಲೆ. ಕುಂದಗೋಳ, ಅಣ್ಣಿಗೇರಿಯ ಕಡೆ ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ಮನೆಯ ಮಗು ‘ಮೆಣಸಿನಕಾಯಿ’ ಎಂದರೆ ಏನು ಮಾಡುವುದು? ಗಿಡದಲ್ಲಿ ಹಸಿರಾಗಿದ್ದದ್ದು ಕಣಕ್ಕೆ ಬರುವಾಗ ಕೆಂಪು. ಒಗಟಿನ ಒಂದು ಅಕ್ಷರವೂ ಸುಳ್ಳಾಗಲಿಲ್ಲ. ಕಟ್ಟೆಯಲ್ಲಾದರೆ ಅಲ್ಲಿಯೇ ವಾದ ಹತ್ತುತ್ತಿತ್ತು: ಮೆಣಸಿನಕಾಯಿ ತಾನಾಗಿ ಎಲ್ಲಿಗೆ ಹೋಯಿತು ಎಂದು ಒಬ್ಬರು, ಎಲೆಯಾದರೂ ತಾನಾಗಿ ಹೋಯಿತೇ ಎಂದು ಇನ್ನೊಬ್ಬರು. ಉತ್ತರಪತ್ರಿಕೆಯಲ್ಲಿ ಮಗುವಿಗೆ ಸೊನ್ನೆ ಬೀಳುತ್ತದೆ.